ಕಾಶಿಯಲ್ಲಿ ಬಿಟ್ಟ ಮಾವಿನಹಣ್ಣು

ಅಳಬೇಕಾದ ಕಡೆ ನಗು ಬರೋದು ನಮ್ಮ ವಂಶಕ್ಕೇ ಅಂಟಿಕೊಂಡಿರೋ ಕಾಯಿಲೆ. ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ಸಲ ಆಗೋದು, ರಾಜಾಜಿನಗರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ವಾರಕ್ಕೊಂದು ಸಲ ಆಗುತ್ತಿತ್ತು. ಅದರಲ್ಲಿ ನೆನಪಿರೋ ಕೆಲವನ್ನು ಬರೆದಿಡ್ತೀನಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ, ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು.

ಕೆಂಗೇರಿಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಇವನು ಅಂಗಡಿಯಲ್ಲಿ ಕೂತರೆ ಬೆಲ್ಲದ ಮೂಟೆ ತಾನಾಗೇ ಇಳಿಯುತ್ತೆ, ಸಿಟಿಯಲ್ಲಿ ಓದಲಿ ಅಂತ ನನ್ನನ್ನು ಚಿಕ್ಕಪ್ಪನ ಮನೆಗೆ ಸಾಗಹಾಕಿದರು. ಮೇಷ್ಟರ ಕುರ್ಚಿಗೆ ತುರಿಕೆ ಬರಿಸೋ ನಸಗುನ್ನಿ ಉದುರಿಸಿದ್ದರಿಂದ ಓದು ಅಲ್ಲಿಗೇ ನಿಂತಿತು. ನಾನು ಮಾತ್ರ ಆ ಮನೆಯಲ್ಲೇ ಉಳಿದೆ. ಚಿಕ್ಕಪ್ಪ ಒಂದು ಕಾರ್ಖಾನೆಯಲ್ಲಿ ಟೈಮ್ ಕೀಪರ್. ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಒಂದು ನಿಮಿಷ ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಗೀಟು ಎಳೆಯೋದು ಅವರ ಕೆಲಸ. ಸುಳ್ಳು ಹೇಳಲ್ಲ, ತಡ ಮಾಡಲ್ಲ. ಎಂಟು ಗಂಟೆಯ ರೈಲಿಗೆ ಐದು ಗಂಟೆಗೇ ಸ್ಟೇಷನ್ನಿನಲ್ಲಿ ಇರ್ತಾರೆ. ಚಿಕ್ಕಮ್ಮ ಅವರಿಗೆ ತದ್ವಿರುದ್ಧ. ಅವಳು ನಕ್ಕರೆ ಎದುರು ಮನೆಯ ನಾಯಿ ಎದ್ದು ಬೊಗಳುತ್ತಿತ್ತು. ಅವರಿಗೆ ಮಕ್ಕಳಿಲ್ಲ. ನಾನೊಬ್ಬ ಇದ್ದಿದ್ದೇ ಅವರಿಗೆ ಹೆಚ್ಚಾಗಿತ್ತು.

೧. ರಜಾ ಅರ್ಜಿ

ಒಂದು ಶ್ರಾವಣದಲ್ಲಿ ಚಿಕ್ಕಮ್ಮನ ಎದೆಯಲ್ಲಿ ಗಂಟು ಸಿಕ್ಕಿತು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಅಂದರು. ಆಪರೇಷನ್ ಮಾಡಿ ಒಂದು ಕಡೆ ಪೂರ್ತಿ ತೆಗೆದರು, ಆಮೇಲೆ ದಿನಾ ಮಿಷನ್ನಿನ ಕೆಳಗೆ ಮಲಗಿಸಿ ಕರೆಂಟು ಇಟ್ಟರು, ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಚಿಕ್ಕಪ್ಪನನ್ನು ವರಾಂಡದ ಕಂಬದ ಹಿಂದೆ ಕರೆದು, ಯುಗಾದಿ ದಾಟಿದರೆ ನಮ್ಮ ಪುಣ್ಯ, ಅವರಿಗೆ ಹೇಳಬೇಡಿ ಅಂದರಂತೆ. ಹೇಳಬಾರದು ಅಂತ ಚಿಕ್ಕಪ್ಪ ಬಾಯಿ ಬಿಗಿಹಿಡಿದು ಮನೆಗೆ ಬಂದರು. ಚಿಕ್ಕಮ್ಮ ಕಾಫಿ ಲೋಟ ಕೈಗೆ ಕೊಟ್ಟು, ಏನಂದ್ರು ಅಂತ ಒಂದೇ ಸಲ ಕೇಳಿದಳು. ಕಾಫಿ ಮುಗಿಯೋದರೊಳಗೆ ಎಲ್ಲಾ ಹೇಳಿಬಿಟ್ಟಿದ್ದರು.

ಅವಳು ಖಾಲಿ ಲೋಟ ವಾಪಸ್ ಇಸ್ಕೊಂಡಳು. ಆಮೇಲೆ ಅಂದಳು, "ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು ಕಣ್ರೀ. ನೀವು ನನಗೆ ತೋರಿಸಿರೋದು ಎರಡೇ ಜಾಗ, ನಿಮ್ಮ ಕಾರ್ಖಾನೆ ಗೇಟು ಮತ್ತೆ ಕೆಂಗೇರಿ ಸ್ಟೇಷನ್ನು. ಯುಗಾದಿ ಒಳಗೆ ಮಿಕ್ಕಿದ್ದೆಲ್ಲ ತೋರಿಸಿ."

ಚಿಕ್ಕಪ್ಪ ಹುಟ್ಟಿದಾಗಿನಿಂದ ರಜ ಹಾಕಿದವರಲ್ಲ. ಅವತ್ತು ಅರ್ಜಿ ಬರೆದರು. ಕಾರಣ ಅನ್ನೋ ಕಡೆ, 'ಹೆಂಡತಿಗೆ ಕ್ಯಾನ್ಸರ್ ಆಗಿರುವುದರಿಂದ ಊಟಿ ನೋಡಬೇಕಾಗಿದೆ' ಅಂತ ನೆಟ್ಟಗೆ ಬರೆದು ಕೊಟ್ಟರು. ದೊಡ್ಡ ಆಫೀಸರು ಕರೆಸಿ ಕೂರಿಸಿಕೊಂಡು, ಹೀಗೆಲ್ಲ ಬರೆದರೆ ಮೇಲಿನವರು ತಮಾಷೆ ಅಂದ್ಕೋತಾರೆ ಕಣ್ರೀ, ಚಿಕಿತ್ಸೆಗೆ ಅಂತ ಬದಲಾಯಿಸಿ, ಈಗಲೇ ರುಜು ಹಾಕ್ತೀನಿ ಅಂದರಂತೆ.

ಚಿಕ್ಕಪ್ಪ ಅಂದರಂತೆ, "ಚಿಕಿತ್ಸೆ ಮುಗಿದಿದೆ ಸಾರ್. ಇದು ಊಟಿ."

೨. ಅಳುವ ವೇಳೆ

ಊಟಿ ಆಯಿತು, ಬೇಲೂರು ಆಯಿತು, ಮಂತ್ರಾಲಯ ಆಯಿತು. ಊರಿಂದ ಊರಿಗೆ ಹೋಗೋ ನಡುವೆ ನಾಲ್ಕು ದಿನ ಮನೆಯಲ್ಲಿ ಇರೋ ಹಾಗಿರಲಿಲ್ಲ, ನೆಂಟರು ಬಂದುಬಿಡುತ್ತಿದ್ದರು. ಕಿತ್ತಳೆಹಣ್ಣು ಹಿಡಿದು ಬಂದು, ಚಿಕ್ಕಮ್ಮನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಶುರು ಮಾಡೋರು. ಅವಳು ಅವರ ಬೆನ್ನು ಸವರಿ, ಸಮಾಧಾನ ಮಾಡಿ, ಉಪ್ಪಿಟ್ಟು ಮಾಡಿ ತಿನ್ನಿಸಿ ಕಳಿಸೋಳು. ಒಬ್ಬರು ಹೋದರೆ ಇನ್ನೊಬ್ಬರು. ಒಂದು ದಿನ ಮಧ್ಯಾಹ್ನ ಐದನೇ ಸಲ ಉಪ್ಪಿಟ್ಟಿಗೆ ಇಟ್ಟು, ಒಲೆ ಮುಂದೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. ತೋಳು ಊದಿಕೊಂಡಿತ್ತು. ರವೆ ಹತ್ತಿಹೋಗ್ತಾ ಇದ್ದರೂ ಗೊತ್ತಾಗಿರಲಿಲ್ಲ.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಬೇರೇನೂ ತೋಚಲ್ಲ, ಕಿತಾಪತಿಯೇ ತೋಚೋದು. ಒಂದು ರಟ್ಟಿನ ಮೇಲೆ ಸುಣ್ಣದಲ್ಲಿ ದಪ್ಪಗೆ, 'ಅಳುವ ವೇಳೆ: ಸಂಜೆ ನಾಲ್ಕರಿಂದ ಆರು' ಅಂತ ಬರೆದು ಗೇಟಿಗೆ ಕಟ್ಟಿದೆ.

ಸಂಜೆ ಚಿಕ್ಕಪ್ಪ ಡ್ಯೂಟಿ ಮುಗಿಸಿ ಬಂದವರು ಅದನ್ನು ಓದಿ, ಬೋರ್ಡು ಕಿತ್ತುಕೊಂಡು ಒಳಗೆ ಬಂದು, ನನ್ನ ಕಿವಿ ಹಿಡಿದು ಚಿಕ್ಕಮ್ಮನ ಮುಂದೆ ನಿಲ್ಲಿಸಿದರು. ಎಂಥಾ ಹೊತ್ತಲ್ಲಿ ಎಂಥಾ ತಮಾಷೆ ಅಂತ ಗದರಿದರು. ಚಿಕ್ಕಮ್ಮ ಬೋರ್ಡು ಇಸ್ಕೊಂಡು ಓದಿದಳು. ಸುಣ್ಣದ ಬಟ್ಟಲು ಎಲ್ಲಿದೆ ಅಂತ ಕೇಳಿದಳು. ಬೆರಳು ಅದ್ದಿ ಕೆಳಗೆ ಒಂದು ಸಾಲು ಸೇರಿಸಿ, ಕಟ್ಟಿ ಬಾ ಅಂತ ನನ್ನ ಕೈಗೇ ಕೊಟ್ಟಳು.

'ಭಾನುವಾರ ರಜ' ಅಂತಿತ್ತು.

೩. ಖಾಲಿ ಸೈಟು

ಜನವರಿಯಲ್ಲಿ ಕಾಶಿಗೆ ಹೊರಟೆವು. ಹಾಸಿಗೆ ಸುತ್ತಿದ ಹೋಲ್ಡಾಲು ಹೊರೋದಕ್ಕೆ ನಾನು. ಮದ್ರಾಸಿಗೆ ಹೋಗಿ ಅಲ್ಲಿ ರೈಲು ಬದಲಾಯಿಸಬೇಕು. ಚಿಕ್ಕಪ್ಪ ಹತ್ತು ನಿಮಿಷಕ್ಕೊಂದು ಸಲ ಜೇಬಿನಿಂದ ಟಿಕೆಟ್ ತೆಗೆದು ನೋಡಿ, ಮತ್ತೆ ಇಟ್ಟು, ಮತ್ತೆ ತೆಗೀತಿದ್ದರು. ಕಿಟಕಿಯಿಂದ ಹಾರಿಹೋಗುತ್ತೆ ಅಂತ ಚಿಕ್ಕಮ್ಮ ಅದನ್ನು ಕಿತ್ತುಕೊಂಡು, ತಾನೇ ಇಟ್ಟುಕೊಂಡಳು. ಇವರು ಹಾಗೇ ತೂಕಡಿಸಿಬಿಟ್ಟರು.

ಟಿಕೆಟ್ ಕಲೆಕ್ಟರು ಬಂದ. ಚಿಕ್ಕಪ್ಪ ನಿದ್ದೆಗಣ್ಣಲ್ಲಿ ಅದು ಮರೆತು ಎಲ್ಲ ಜೇಬೂ ತಡಕಿದರು, ಹೋಲ್ಡಾಲು ಬಿಚ್ಚಿದರು, ನನ್ನ ಜೇಬಿಗೂ ಕೈ ಹಾಕಿದರು. ಚಿಕ್ಕಮ್ಮ ತಡೀರಿ ಅಂತ ಕಿಟಕಿ ಕಡೆ ತಿರುಗಿ ಸೆರಗಿನ ಮರೆಯಲ್ಲಿ ಕೈ ಹಾಕಿ, ರವಿಕೆಯೊಳಗಿಂದ ಒಂದು ಬಟ್ಟೆಯ ಉಂಡೆ ತೆಗೆದಳು. ಆಪರೇಷನ್ ಆದ ಮೇಲೆ ಆ ಕಡೆ ತಗ್ಗು ಕಾಣದಿರಲಿ ಅಂತ ಹಳೇ ಪಂಚೆ ಮಡಿಸಿ ತಾನೇ ಹೊಲಿದುಕೊಂಡಿದ್ದಳು. ಅದರ ಮಡಿಕೆಯಲ್ಲಿ ಮೂರು ಟಿಕೆಟ್ಟು, ಮಾತ್ರೆ ಪೊಟ್ಟಣ, ಮನೆ ಬೀಗದಕೈ ಎಲ್ಲಾ ಇದ್ದವು. ಎದುರಿಗಿದ್ದವರೆಲ್ಲ ನೆಲ ನೋಡಿದರು. ಕಲೆಕ್ಟರು ಫ್ಯಾನು ನೋಡ್ತಾ, ಟಿಕೆಟ್ಟನ್ನ ಅಲ್ಲೆಲ್ಲ ಇಡಬಾರದಮ್ಮ ಅಂದ.

"ಡಾಕ್ಟರು ಖಾಲಿ ಮಾಡಿಕೊಟ್ಟಿರೋ ಸೈಟು ಕಣಪ್ಪ," ಅಂದಳು ಚಿಕ್ಕಮ್ಮ. "ನಮ್ಮ ರಾಜಾಜಿನಗರದ ಕಡೆ ಸೈಟು ಖಾಲಿ ಬಿಟ್ರೆ ಯಾರಾದ್ರೂ ಬಂದು ಬೇಲಿ ಹಾಕ್ಕೋತಾರೆ."

ಅವನಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಟಿಕೆಟ್ಟನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟ. ಮದ್ರಾಸು ಬರೋ ತನಕ ನಾಲ್ಕು ಸಲ ಬಂದು, ಕಿಟಕಿ ಮುಚ್ಚಲಾ ಅಮ್ಮ, ನೀರು ಬೇಕಾ ಅಮ್ಮ ಅಂತ ವಿಚಾರಿಸಿಕೊಂಡ. ಟಿಕೆಟ್ ಮಾತ್ರ ಮತ್ತೆ ಕೇಳಲಿಲ್ಲ.

೪. ಬಿಡೋದು

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣೋ ಕಾಯೋ ಅಲ್ಲಿ ಬಿಟ್ಟು ಬರಬೇಕು. ಬಿಟ್ಟರೆ ಸಾಯೋವರೆಗೂ ತಿನ್ನೋ ಹಾಗಿಲ್ಲ. ಇಷ್ಟವಾದದ್ದು ಅಂತ ಶಾಸ್ತ್ರ ಹೇಳುತ್ತೆ. ನಮ್ಮ ಜನ ಏನು ಬಿಡ್ತಾರೆ ಅಂತ ನಿಮಗೇ ಗೊತ್ತು.

ಗಂಗೆಯಲ್ಲಿ ಸೊಂಟದವರೆಗೂ ಇಳಿಸಿ, ಕನ್ನಡ ಬರುವ ಒಬ್ಬ ಭಟ್ಟರು ಸಂಕಲ್ಪ ಮಾಡಿಸಿದರು. ನಾನು ಲೆಕ್ಕ ಬಿಡ್ತೀನಿ ಅಂದೆ. ತಿನ್ನೋದು ಬಿಡು ಅಂತ ಗದರಿದರು, ಹಾಗಲಕಾಯಿ ಬಿಟ್ಟೆ. ಚಿಕ್ಕಪ್ಪ ಪಡವಲಕಾಯಿ ಬಿಟ್ಟರು. ಜನ್ಮದಲ್ಲಿ ಅದನ್ನು ತುಟಿಗೆ ಸೋಕಿಸಿದವರಲ್ಲ. ಚಿಕ್ಕಮ್ಮನಿಗೆ ಪಡವಲಕಾಯಿ ಅಂದರೆ ಆಸೆ. ಅವಳು ಪಲ್ಯ ಮಾಡಿದ ದಿನ ಇವರು ಬರೀ ಮಜ್ಜಿಗೆ ಅನ್ನ ತಿಂದು ಎದ್ದುಹೋಗೋರು. ಸುಳ್ಳು ಹೇಳದ ಮನುಷ್ಯ ಗಂಗೆಯಲ್ಲಿ ನಿಂತು ಇಷ್ಟವಾದದ್ದು ಅಂತ ಅದನ್ನು ಬಿಟ್ಟರಲ್ಲ ಅಂತ ನನಗೆ ನಗು ತಡೆಯಲಾಗಲಿಲ್ಲ.

ಚಿಕ್ಕಮ್ಮನ ಸರದಿ ಬಂತು. ಅವಳು ಗಟ್ಟಿಯಾಗಿ, ಮಾವಿನಹಣ್ಣು ಅಂದಳು.

ಚಿಕ್ಕಪ್ಪ ತಿರುಗಿ ನೋಡಿದರು. ಅವಳು ರಸಪೂರಿ ಹಣ್ಣು ಕಂಡರೆ ಊಟ ಬಿಡೋಳು, ಓಟೆ ಚೀಪುವಾಗ ಮಾತಾಡಿಸಿದರೆ ಬೈಯೋಳು. ಭಟ್ಟರಿಗೂ ಖುಷಿಯಾಯಿತು, ಇದು ತ್ಯಾಗ ಅಂದರೆ ಅಂದರು. ಮೆಟ್ಟಿಲ ಮೇಲೆ ಬಂದು ತಲೆ ಒರೆಸಿಕೊಳ್ಳುವಾಗ ಚಿಕ್ಕಪ್ಪ ಯಾಕೆ ಹಾಗೆ ಮಾಡಿದೆ ಅಂತ ಕೇಳಿದರು.

"ಮಾವು ಬರೋದು ಯುಗಾದಿ ಆದ ಮೇಲೆ," ಅಂದಳು. "ನಾನಿದ್ದರೆ ತಾನೆ. ವಿಶ್ವನಾಥನಿಗೆ ದೊಡ್ಡದು ಕೊಟ್ಟ ಹಾಗೂ ಆಯ್ತು, ನಾನು ಕಳಕೊಂಡಿದ್ದೂ ಏನಿಲ್ಲ."

ಚಿಕ್ಕಪ್ಪ ಒದ್ದೆ ಪಂಚೆಯನ್ನು ಹಿಂಡಿ, ಬಿಡಿಸಿ, ಮತ್ತೆ ಹಿಂಡಿದರು.

ಯುಗಾದಿ ಬಂತು. ಚಿಕ್ಕಮ್ಮ ಎದ್ದು ಎಣ್ಣೆನೀರು ಹಾಕಿಕೊಂಡು ಹೋಳಿಗೆ ತಟ್ಟಿದಳು.

೫. ಡಾಕ್ಟರಿಗೆ ಬಿದ್ದ ಬೈಗುಳ

ಏಪ್ರಿಲ್ ಕಳೀತು. ಮೇ ಬಂತು. ಮಾಗಡಿ ರೋಡಿನಿಂದ ಎತ್ತಿನ ಗಾಡಿಗಳಲ್ಲಿ ಹುಲ್ಲಿನ ಮೇಲೆ ಹಣ್ಣು ಹೇರಿಕೊಂಡು ಬರೋರು, ಬೀದಿಯೆಲ್ಲ ಘಮ ಅನ್ನೋದು. ಚಿಕ್ಕಮ್ಮ ಗೇಟಿನ ಹತ್ತಿರ ನಿಂತು ಗಾಡಿ ತಿರುವು ದಾಟೋ ತನಕ ನೋಡೋಳು. ಚಿಕ್ಕಪ್ಪನಿಗೂ ಮಾವು ಅಂದರೆ ಪ್ರಾಣ, ಆದರೂ ಮನೆಗೆ ಒಂದು ಹಣ್ಣು ತರಲಿಲ್ಲ. ನಾನು ಮಾತ್ರ ಬೀದಿ ಕೊನೆಯಲ್ಲಿ ತಿಂದು, ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು ಬರ್ತಿದ್ದೆ. ಒಂದು ದಿನ ಅವಳು ಕೈ ತೋರಿಸು ಅಂದಳು. ಒದೆ ಬೀಳುತ್ತೆ ಅಂತ ಚಾಚಿದೆ. ಅವಳು ನನ್ನ ಬೆರಳುಗಳನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದಳು.

"ಮೂಸೋದನ್ನ ನಾನು ಬಿಟ್ಟಿಲ್ಲ ಕಣೋ," ಅಂದಳು. "ನಾಳೆಯಿಂದ ಕೈ ತೊಳೀಬೇಡ."

ಜೂನಿನಲ್ಲಿ ತಪಾಸಣೆಗೆ ಹೋದೆವು. ಡಾಕ್ಟರು ಫೋಟೋ ಎಲ್ಲ ಬೆಳಕಿಗೆ ಹಿಡಿದು ನೋಡಿ, ಸದ್ಯಕ್ಕೆ ಚೆನ್ನಾಗಿದೆ, ನಾವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ವಾಸಿ ಅಂತ ನಕ್ಕರು. ಒಳ್ಳೇ ಸುದ್ದಿ ಕೇಳಿ ಚಿಕ್ಕಮ್ಮ ಅವರ ಮೇಲೆ ಎಗರಿಬಿದ್ದಳು. ನಿಮ್ಮ ಮಾತು ನಂಬಿ ನಾನು ಕಾಶೀಲಿ ಮಾವಿನಹಣ್ಣು ಬಿಟ್ಟೆ, ಯುಗಾದಿ ಅಂದ್ರಿ, ಈಗ ಕಡೇಲಿ ಬರೋ ಮಲಗೋಬ ಕೂಡ ಮುಗೀತಾ ಬಂತು, ಸರಿಯಾಗಿ ಗೊತ್ತಿಲ್ಲದಿದ್ದರೆ ಯಾಕೆ ಹೇಳಬೇಕಿತ್ತು ಅಂತ ಜೋರು ಮಾಡಿದಳು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಪ್ಪ ಮೊದಲಿನಿಂದ ವಿವರಿಸಿದರು. ಡಾಕ್ಟರು ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು.

"ಅಮ್ಮ, ಮುಂದಿನ ಸಲ ಏನಾದರೂ ಬಿಡೋದಿದ್ದರೆ," ಅಂದರು, "ದಯವಿಟ್ಟು ನನ್ನನ್ನ ನಂಬಬೇಡಿ."

೬. ಸೂರ್ಯಾಸ್ತ

ಮಾರನೇ ವರ್ಷ ಸಂಕ್ರಾಂತಿ ಹೊತ್ತಿಗೆ ಬೆನ್ನುನೋವು ಶುರುವಾಯಿತು. ಬೆನ್ನುಮೂಳೆಗೆ ಇಳಿದಿದೆ ಅಂದರು. ಈ ಸಲ ಯಾವ ಹಬ್ಬದ ಹೆಸರನ್ನೂ ಡಾಕ್ಟರು ಹೇಳಲಿಲ್ಲ. ಚಿಕ್ಕಮ್ಮ, ಕನ್ಯಾಕುಮಾರಿ ಒಂದು ಬಾಕಿ ಇದೆಯಲ್ಲ ಅಂದಳು.

ಸಮುದ್ರದಲ್ಲಿ ಸೂರ್ಯ ಮುಳುಗೋದು ನೋಡಬೇಕು ಅನ್ನೋದು ಅವಳ ಆಸೆ. ಸಂಜೆ ಆರೂವರೆಗೆ ಮುಳುಗೋ ಸೂರ್ಯನಿಗೆ ಚಿಕ್ಕಪ್ಪ ನಮ್ಮನ್ನು ಒಂದು ಗಂಟೆಗೇ ಬಂಡೆ ಮೇಲೆ ತಂದು ಕೂರಿಸಿದರು. ಕೊಡೆ ಬಿಚ್ಚಿ ಅವಳಿಗೆ ಹಿಡಿದರು, ತಾವು ಬಿಸಿಲಲ್ಲಿ ಕೂತರು. ಇವರ ಗಡಿಯಾರಕ್ಕೆ ಹೆದರಿ ಸೂರ್ಯ ಬೇಗ ಬಂದರೂ ಬರಬಹುದು ಅಂತ ಚಿಕ್ಕಮ್ಮ ನನಗೆ ಪಿಸುಗುಟ್ಟಿದಳು. ನೋವಿನ ಮಾತ್ರೆ ನುಂಗಿದ್ದಳು. ಐದೂವರೆ ಹೊತ್ತಿಗೆ ಅವರ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಸೂರ್ಯ ಇಳಿಯತೊಡಗಿದ. ನೀರೆಲ್ಲ ಕುಂಕುಮ ಕಲಸಿದ ಹಾಗೆ ಆಯಿತು. ಎಬ್ಬಿಸಲಾ ಅಂತ ನಾನು ಸನ್ನೆ ಮಾಡಿದೆ. ಚಿಕ್ಕಪ್ಪ ಬೇಡ ಅಂತ ತಲೆ ಆಡಿಸಿದರು. ವಾರದಿಂದ ಅವಳು ಅಷ್ಟು ಹೊತ್ತು ಒಂದೇ ಸಮನೆ ಮಲಗಿರಲಿಲ್ಲ. ಅವರು ಸೂರ್ಯನ ಕಡೆ ನೋಡಲೇ ಇಲ್ಲ, ಅವಳ ಮುಖವನ್ನೇ ನೋಡ್ತಾ ಕೂತರು. ಸೂರ್ಯ ಮುಳುಗಿದ. ಸ್ವಲ್ಪ ಹೊತ್ತಿಗೆ ಅವಳು ಎದ್ದು, ಅಯ್ಯೋ ಮುಳುಗಿತಾ ಅಂದಳು. ಆಗ ಚಿಕ್ಕಪ್ಪ, ನಾನು ಕಂಡ ಹಾಗೆ ಅವಳಿಗೆ ಹೇಳಿದ ಮೊದಲನೇ ಸುಳ್ಳನ್ನು ಹೇಳಿದರು.

"ಇಲ್ಲ ಕಣೇ. ಮೋಡ ಕವಿದಿತ್ತು, ಯಾರಿಗೂ ಏನೂ ಕಾಣಲಿಲ್ಲ. ನಾಳೆ ಬರೋಣ."

ಅವಳು ಅವರ ಮುಖ ನೋಡಿದಳು. ಮಧ್ಯಾಹ್ನದಿಂದ ಕೂತಿದ್ದ ಬಿಸಿಲಿಗೆ ಹಣೆ, ಮೂಗು, ಬೋಳುತಲೆ ಎಲ್ಲಾ ಸುಟ್ಟು ತಾಮ್ರದ ಚೊಂಬಿನ ಹಾಗೆ ಆಗಿತ್ತು.

"ಸರಿ," ಅಂದಳು. "ನಾಳೇನೂ ಇಷ್ಟೇ ಮೋಡ ಇದ್ರೆ ಕೊಬ್ಬರಿಎಣ್ಣೆ ತರೋಣ."

೭. ಬದಲಿ

ಆ ವರ್ಷದ ಮಾವಿನ ಕಾಲಕ್ಕೆ ಅವಳು ಹಾಸಿಗೆ ಬಿಟ್ಟು ಏಳೋ ಹಾಗಿರಲಿಲ್ಲ. ಗಂಜಿ ಸೇರುತ್ತಿರಲಿಲ್ಲ. ಏನು ಕೊಟ್ಟರೂ ಮಣ್ಣು ತಿಂದ ಹಾಗಿದೆ ಅನ್ನೋಳು. ಕಿಟಕಿ ಮಾತ್ರ ತೆಗೆದಿಡಿ, ಗಾಡಿ ಹೋಗುತ್ತೆ ಅನ್ನೋಳು. ಚಿಕ್ಕಪ್ಪ ತಡೆಯಲಾರದೆ ಒಂದು ದಿನ ರಸಪೂರಿ ತಂದು, ರಸ ಹಿಂಡಿ, ಬಟ್ಟಲಲ್ಲಿ ಹಿಡಿದುಕೊಂಡು ಬಂದರು. ಅವಳು ತುಟಿ ಬಿಗಿಮಾಡಿದಳು. ನಾನು ಹೋಗೋಳು, ದೇವರಿಗೆ ಕೊಟ್ಟ ಮಾತು ಮುರಿದು ಹೋದರೆ ಅದು ಇಲ್ಲಿ ಉಳಿಯೋ ನಿಮಗೆ ತಟ್ಟುತ್ತೆ ಅಂದಳು. ದೇವಸ್ಥಾನದ ಅರ್ಚಕರನ್ನು ಕೇಳಿದ್ದಕ್ಕೆ, ಕಾಶಿಯಲ್ಲಿ ಬಿಟ್ಟಿದ್ದಕ್ಕೆ ಇಲ್ಲಿ ಪರಿಹಾರ ಇಲ್ಲ ಅಂದುಬಿಟ್ಟರು. ಚಿಕ್ಕಪ್ಪ ಎರಡು ದಿನ ಜಗಲಿ ಮೇಲೆ ಕೂತು ಯೋಚನೆ ಮಾಡಿದರು.

ಮೂರನೇ ದಿನ ಮಧ್ಯಾಹ್ನ ನನ್ನನ್ನು ಕರೆದು, ಪೇಪರು, ಕಾರ್ಬನ್ನು ತಾ ಅಂದರು.

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಬೆಳಗಿನ ಶಿಫ್ಟಿನವನಿಗೆ ಏನಾದರೂ ಕೆಲಸ ಬಿದ್ದರೆ, ಮಧ್ಯಾಹ್ನದ ಶಿಫ್ಟಿನವನ ಜೊತೆ ಬದಲಿ ಮಾಡಿಕೊಳ್ಳಬಹುದು. ಇಬ್ಬರೂ ಒಪ್ಪಿ ಒಂದು ಚೀಟಿಗೆ ರುಜು ಹಾಕಬೇಕು, ಒಬ್ಬ ಸಾಕ್ಷಿ ಬೇಕು, ಟೈಮ್ ಕೀಪರ್ ಮಂಜೂರು ಮಾಡಬೇಕು. ಅಷ್ಟಾದರೆ ಮುಗೀತು, ಮೇಲಿನವರು ಯಾರೂ ಕೇಳಲ್ಲ. ಅಂಥಾ ಚೀಟಿಯನ್ನೇ ಚಿಕ್ಕಪ್ಪ ಬರೆದರು. 'ಕಾಶಿಯಲ್ಲಿ ಪಡವಲಕಾಯಿ ಬಿಟ್ಟಿರುವ ನಾನೂ, ಮಾವಿನಹಣ್ಣು ಬಿಟ್ಟಿರುವ ನನ್ನ ಹೆಂಡತಿಯೂ ಪರಸ್ಪರ ಒಪ್ಪಿ ಬದಲಿ ಮಾಡಿಕೊಂಡಿರುತ್ತೇವೆ.' ಸಾಕ್ಷಿ ನಾನು. ಮೂರು ಪ್ರತಿ, ಒಂದು ದೇವರ ಗೂಡಿಗೆ.

ಚಿಕ್ಕಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು.

"ಇದನ್ನ ವಿಶ್ವನಾಥ ಒಪ್ತಾನೇನ್ರೀ?"

"ಅವನು ಮ್ಯಾನೇಜ್‌ಮೆಂಟು. ಎರಡು ಪದಾರ್ಥ ಬಿಟ್ಟಿರಬೇಕು, ಅಷ್ಟೇ ಅವನಿಗೆ ಬೇಕಿರೋದು. ಯಾರು ಯಾವುದನ್ನ ಬಿಟ್ಟರು ಅನ್ನೋದು ಟೈಮ್ ಆಫೀಸಿನ ವಿಷಯ."

"ಹಾಗಾದ್ರೆ ಪಡವಲಕಾಯಿ ನನಗಿಲ್ಲ."

"ಇಲ್ಲ."

"ಎಷ್ಟು ದಿನಕ್ಕೆ ಬದಲಿ? ಇಲ್ಲಿ ಖಾಲಿ ಬಿಟ್ಟಿದ್ದೀರಿ."

ಚಿಕ್ಕಪ್ಪ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನೀನು ವಾಪಸ್ ಕೇಳೋ ತನಕ," ಅಂದರು.

ಅವಳು ರುಜು ಹಾಕಿದಳು. ಅಕ್ಷರ ಗೆರೆ ದಾಟಿತು. ಗೆರೆ ದಾಟಿದ ರುಜು ಒಪ್ಪದ ಮನುಷ್ಯ ಅದಕ್ಕೆ ಮಂಜೂರು ಅಂತ ಬರೆದು, ಗಡಿಯಾರ ನೋಡಿ ಹೊತ್ತು ಹಾಕಿದರು. ಆಮೇಲೆ ಬಟ್ಟಲು ತಂದರು. ಅವಳು ಚಮಚ ಬೇಡ ಅಂದಳು. ಬೆರಳು ಅದ್ದಿ ಅದ್ದಿ ನೆಕ್ಕಿದಳು, ರಸ ಮೊಣಕೈವರೆಗೂ ಇಳೀತು, ಮಧ್ಯೆ ಯಾರೂ ಮಾತಾಡಿಸಲಿಲ್ಲ. ಹಾಗೆ ಎಂಟು ದಿನ ತಿಂದಳು. ಒಂಬತ್ತನೇ ದಿನ ಬೆಳಿಗ್ಗೆ ಹೋದಳು.

ಹದಿಮೂರನೇ ದಿನದ ಊಟಕ್ಕೆ ಕೆಂಗೇರಿಯವರೆಲ್ಲ ಬಂದಿದ್ದರು. ಚಿಕ್ಕಪ್ಪನಿಗೆ ಅಷ್ಟೂ ದಿನ ಊಟ ಅನ್ನೋದು ಎರಡು ತುತ್ತು. ಅಡುಗೆಯವರು ಪಡವಲಕಾಯಿ ಪಲ್ಯ ಮಾಡಿದ್ದರು. ಬಡಿಸೋನು ಚಿಕ್ಕಪ್ಪನ ಎಲೆ ಹತ್ತಿರ ಬಂದಾಗ ನಮ್ಮತ್ತೆ, ಅವರಿಗೆ ಬೇಡಪ್ಪ, ಕಾಶೀಲಿ ಬಿಟ್ಟಿದ್ದಾರೆ ಅಂದರು. ಚಿಕ್ಕಪ್ಪ ತಲೆ ಎತ್ತದೆ, ಹಾಕಿ, ನನ್ನದು ಬದಲಿ ಆಗಿದೆ ಅಂದರು. ಹಿಂದೆಯೇ ಮಾವಿನಹಣ್ಣಿನ ಸೀಕರಣೆ ಬಂತು. ಎಲೆ ಮೇಲೆ ಅಡ್ಡ ಕೈ ಹಿಡಿದು, ಇದು ನನ್ನ ಶಿಫ್ಟು, ಬೇಡ ಅಂದರು.

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂತ ಯಾರೋ ಮೂಗು ಸೊರ್ ಅನ್ನಿಸಿದರು. ವಿಷಯ ಗೊತ್ತಿದ್ದವನು ನಾನೊಬ್ಬನೇ. ತಡೀಬೇಕು ಅಂತ ತುಟಿ ಕಚ್ಚಿದೆ, ಆಗಲಿಲ್ಲ, ನಗು ಬುಳಕ್ ಅಂತ ಮೂಗಿಂದಲೇ ಬಂತು. ಅಪ್ಪ ಹಿಂದಿನಿಂದ ಬಂದು ತಲೆಗೆ ಒಂದು ಬಿಟ್ಟರು. ಅಷ್ಟು ಹೊತ್ತಿಗೆ ನಾನು ಅಳ್ತಾನೂ ಇದ್ದೆ, ಏಟು ಯಾವುದಕ್ಕೆ ಬಿತ್ತೋ ಗೊತ್ತಾಗಲಿಲ್ಲ.

ಚಿಕ್ಕಪ್ಪ ಒಂದು ಹಿಡಿ ಪಲ್ಯ ಬಾಯಿಗೆ ಹಾಕಿಕೊಂಡರು. ಮುಖ ಹುಣಿಸೆಹಣ್ಣಿನ ಹಾಗೆ ಆಯಿತು. ಉಗುಳೋ ಹಾಗಿಲ್ಲ, ಊರೆಲ್ಲ ನೋಡ್ತಾ ಇದೆ. ಕಣ್ಣಲ್ಲಿ ನೀರು ತುಂಬಿಕೊಂಡು ಹೇಗೋ ನುಂಗಿದರು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು:

"ಇಷ್ಟು ವರ್ಷ ಇದನ್ನ ಅವಳು ಹೇಗೆ ತಿಂದ್ಲು ಕಣೋ?"